ಪಪ್ಪಾನ ಆಯಿ

ತನೂ, ಹೋದ ವಾರ ಮಳೆ ಹಿಡಿದ ದಿನ ನೀನು ಶಾಲೆಯಿಂದ ಬಂದವಳೇ ಒದ್ದೆ ಬೂಟನ್ನೂ ಕಳಚದೆ ಬಾಗಿಲಲ್ಲೇ ಕೂತೆ. ಮರಾಠಿ ಟೀಚರು ‘ಮಾಝೀ ಆಯೀ’ ಎಂಬ ಪ್ರಬಂಧ ಬರೆದು ತರಲು ಹೇಳಿದ್ದರು. ‘ನನ್ನ ತಾಯಿ’ ಎಂದು ಅದರ ಅರ್ಥ. ನಿನ್ನ ಮಮ್ಮಿ, “ಬರಿ, ನಾ ದಿನಾ ನಿನ್ನ ಹಿಂದ ಎಷ್ಟ್ ಓಡ್ತೀನಿ ಎಲ್ಲಾ ಬರಿ, ಫುಲ್ ಮಾರ್ಕ್ಸ್ ಬರ್ತಾವ” ಎಂದು ನಗಿಸಲು ನೋಡಿದಳು. ನೀನು ನಗಲಿಲ್ಲ. “ವೋ ವರ್ಡ್ ಮೈ ನಹೀ ಲಿಖೂಂಗಿ,” ಆ ಶಬ್ದ ನಾನು ಬರೆಯುವುದಿಲ್ಲ ಎಂದೆ. ಒಳಗಿನಿಂದ ನಿನ್ನ ಅಣ್ಣ ಅಥರ್ವ, “ಅರೇ ತನೂ, ಅಭೀ ಭೀ?” ಇನ್ನೂ ಅದೇನಾ ಎಂದ. ನಾನು ನಿನ್ನ ಬೂಟಿನ ಲೇಸು ಬಿಚ್ಚುತ್ತಾ ಕೂತೆ. ಆ ಒದ್ದೆ ಬೂಟಿನ ವಾಸನೆಗೆ ಆ ಮಳೆಗಾಲವೆಲ್ಲ ನನ್ನ ಮೂಗಿಗೆ ಬಂದು ಬಡಿಯಿತು.

ಅದು ಕಳೆದು ವರ್ಷಗಳಾದವು. ಮನೆಯಲ್ಲಿ ಆ ಮಾತು ಬಂದಾಗ ನಾವೆಲ್ಲ ನಕ್ಕು ಮುಗಿಸುತ್ತೇವೆ. ನೀನೂ ನಗುತ್ತೀ ಎಂದುಕೊಂಡಿದ್ದೆ.

ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬಾರದು. ಬರೆಯಲು ಕೂತರೆ ಕೈ ಹೇಗೋ ನಡೆಯುತ್ತದೆ. ನಿಮ್ಮಿಬ್ಬರಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ನಿಮ್ಮ ಮಮ್ಮಿ ಓದಿ ಹೇಳಲಿ. ನಾನು ಹಾಲು ತರಲು ಕೆಳಗೆ ಹೋದಾಗ ಓದಲಿ.

ಮೊದಲು ಆ ಶಬ್ದದ ವಿಷಯ ಹೇಳುತ್ತೇನೆ. ಬಾಗಲಕೋಟೆ ಸೀಮೆಯಲ್ಲಿ ನಾವು ತಾಯಿಗೆ ಅವ್ವ ಎನ್ನುತ್ತೇವೆ, ಅಜ್ಜಿಗೆ ಆಯಿ ಎನ್ನುತ್ತೇವೆ. ಈ ಮುಂಬಯಿಯಲ್ಲಿ ಮರಾಠಿಯವರಿಗೆ ಆಯಿ ಎಂದರೆ ತಾಯಿ. ನಾನು ಹೊಸದಾಗಿ ಇಲ್ಲಿಗೆ ಬಂದಾಗ ಚಾಳಿನಲ್ಲಿ ಸಣ್ಣ ಸಣ್ಣ ಮಕ್ಕಳು ಹರೆಯದ ಹೆಂಗಸರನ್ನು “ಆಯೀ, ಆಯೀ” ಎಂದು ಕರೆಯುವುದನ್ನು ಕೇಳಿ, ಇಲ್ಲಿ ಇಷ್ಟು ಬೇಗ ಮುದುಕಿಯರಾಗುತ್ತಾರೆಯೇ ಎಂದು ನಿಮ್ಮ ಅಜ್ಜನನ್ನು ಕೇಳಿದ್ದೆ. ಅವರು ಬಹಳ ದಿನ ಅದನ್ನೇ ಹೇಳಿ ನನ್ನನ್ನು ಕಾಡಿದರು.

ನಿಮ್ಮ ಅಜ್ಜ ಮತ್ತು ನಾನು ಚೆಂಬೂರಿಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಅವರು ಗೋಡೆ ಕಟ್ಟಿದರೆ ನಾನು ತಲೆಯ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ನಿಮ್ಮ ಪಪ್ಪ ಹಣಮಂತ ಆಗ ಇನ್ನೂ ನನ್ನ ಹಾಲು ಬಿಟ್ಟಿರಲಿಲ್ಲ. ಅರ್ಧ ಕಟ್ಟಿದ ಕಟ್ಟಡದಲ್ಲಿ ಕೂಸನ್ನು ಎಲ್ಲಿ ಮಲಗಿಸುವುದು? ನಮ್ಮವ್ವ ಊರಿನಿಂದ ಬಂದವಳು ನೋಡಿದಳು, ಒಂದು ಮಾತೂ ಆಡದೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡಳು. “ಮಳಿ ಮುಗಿಲಿ, ತಂದ ಬಿಡ್ತೀನಿ” ಎಂದಳು. ಎಷ್ಟೋ ಮಳೆ ಮುಗಿದವು. ಅವನು ಊರಿನಲ್ಲಿ ಏಳನೆಯ ತರಗತಿ ಮುಗಿಸಿಯೇ ನನ್ನ ಬಳಿಗೆ ಬಂದ. ಅವನಿಗೆ ಅವಳು ಆಯಿ. ನಿಮ್ಮಿಬ್ಬರಿಗೆ ಅವಳು ‘ಪಪ್ಪಾನ ಆಯಿ’. ಆ ಹೆಸರು ಇಟ್ಟವಳು ನೀನೇ ತನೂ, ನಿನಗೆ ಮಾತು ಬಂದ ವರ್ಷ.

ನನ್ನ ಬಳಿಗೆ ಬಂದ ಮೇಲೆ ಅವನು ನನ್ನನ್ನು ಅವ್ವ ಎಂದೇ ಕರೆದ. ಆದರೆ ನೆಂಟರ ಮನೆಯಲ್ಲಿದ್ದಂತೆ ಇದ್ದ. ನೀರು ಬೇಕಾದರೂ ಕೇಳಿ ಕುಡಿಯುತ್ತಿದ್ದ. ನಿಮ್ಮ ಅಜ್ಜ ತೀರಿಕೊಂಡಾಗ ಅವನ ತಲೆ ಬೋಳಿಸಿದರು. ಬಲಗಿವಿಯ ಹಿಂದೆ ಉದ್ದನೆಯ ಹಳೆಯ ಗಾಯದ ಕಲೆ ಕಂಡಿತು. “ಇದೇನೋ ಇದು?” ಎಂದೆ. “ಸಣ್ಣಾಂವ ಇದ್ದಾಗ ಬಿದ್ದಿದ್ದೆ, ಆಯಿಗೆ ಗೊತ್ತೈತಿ” ಎಂದ. ಹೆತ್ತವಳಿಗೆ ಮಗನ ತಲೆಯ ಗಾಯ ಗೊತ್ತಿರಲಿಲ್ಲ.

ಹತ್ತನೆಯ ತರಗತಿ ಮುಗಿಸಿ ಬೆಳಗಾವಿಗೆ ಹೋಗಿ ಅವನು ಫೌಜಿಗೆ ಸೇರಿದ. ನೀವು ಹುಟ್ಟಿದಿರಿ. ನೀನು ಒಂದನೆಯ ತರಗತಿಗೆ ಹೋಗುವಾಗ ಅವನನ್ನು ಆಫ್ರಿಕದ ದಕ್ಷಿಣ ಸುಡಾನಿಗೆ ಕಳಿಸಿದರು. ಅಲ್ಲಿ ಅವರವರೇ ಬಡಿದಾಡಿಕೊಂಡು ಆಗಷ್ಟೇ ಲಡಾಯಿ ನಿಂತಿತ್ತು. ಬೇರೆ ಬೇರೆ ದೇಶದ ಸೈನಿಕರು ನೀಲಿ ಟೋಪಿ ಹಾಕಿಕೊಂಡು ಕಾವಲು ಇರಬೇಕು, ಊರು ಬಿಟ್ಟು ಬಂದ ಜನ ತಂಬುಗಳಲ್ಲಿದ್ದಾರೆ, ಅವರಿಗೆ ಯಾರೂ ಏನೂ ಮಾಡದಂತೆ ನೋಡಿಕೊಳ್ಳಬೇಕು. ಅದೇ ಕೆಲಸ.

ಅವನ ಅವಧಿ ಆ ವರ್ಷದ ಬೇಸಿಗೆಗೇ ಮುಗಿಯಿತು. ಪೆಟ್ಟಿಗೆಗೆ ಬೀಗ ಹಾಕಿ ಕೂತರು. ಅಷ್ಟರಲ್ಲಿ ಅಲ್ಲಿ ಮಳೆಗಾಲ ಶುರುವಾಯಿತು. ವಿಮಾನ ಇಳಿಯುವ ಜಾಗ ಮಣ್ಣಿನದು, ಕೆಸರಾಗಿ ಹೋಯಿತು. ಇವರ ಜಾಗಕ್ಕೆ ಬರುವವರು ಬರಲಿಲ್ಲ, ಇವರನ್ನು ಬಿಡಲಿಲ್ಲ. ಪ್ರತಿಸಲ “ಮುಂದಿನ ವಾರ” ಎನ್ನುತ್ತಿದ್ದ. ಒಮ್ಮೆ ವೀಡಿಯೊ ಕಾಲ್‌ನಲ್ಲಿ ನಿಮ್ಮ ಮಮ್ಮಿಗೆ ಹೇಳಿದ್ದು ನನಗೆ ಕೇಳಿಸಿತು. “ಲಡಾಯಿ ಮುಗದೈತಿ, ಮನಿಗಿ ಹೋಗ್ರಿ ಅಂದ್ರ ಆ ಮಂದಿಗಿ ಮನಿ ಇಲ್ಲ. ನಮಗ ಮನಿ ಐತಿ, ವಿಮಾನ ಇಲ್ಲ. ಇಬ್ಬರೂ ತಂತಿಬೇಲಿಯ ಆಕಡಿ ಈಕಡಿ ನಿಂತು ಮಾರಿ ಮಾರಿ ನೋಡ್ಕೋತೀವಿ, ಸವಿತಾ.”

ಪ್ರತಿಸಲವೂ ಮೊದಲು ಕೇಳುತ್ತಿದ್ದದ್ದು, “ಆಯಿ ಹೆಂಗದಾಳ?”

ಇಲ್ಲಿ ಚೆಂಬೂರಿನಲ್ಲೂ ಮಳೆ ಬಂದಿತ್ತು. ಒಂದು ಬೆಳಿಗ್ಗೆ ನಳ ಬಂದ ಹೊತ್ತಿನಲ್ಲಿ ನಾನು ಡ್ರಮ್ಮಿಗೆ ನೀರು ಹಿಡಿಯುತ್ತಿದ್ದೆ. ಊರಿನಿಂದ ನನ್ನ ತಮ್ಮ ಭೀಮಪ್ಪನ ಫೋನು ಬಂತು. “ಯಕ್ಕಾ, ಅವ್ವ ಹೋದ್ಲು” ಎಂದ. ರಾತ್ರಿ ಹಣಮಂತನಿಗೆಂದು ಗುರೆಳ್ಳು ಹುರಿದು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿಟ್ಟು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಡ್ರಮ್ಮು ತುಂಬಿ ನೀರು ಹೊಸ್ತಿಲು ದಾಟಿ ಹೋಗುತ್ತಿದ್ದರೂ ನನಗೆ ನಳ ನಿಲ್ಲಿಸಲು ತಿಳಿಯಲಿಲ್ಲ. ಪಕ್ಕದ ಮನೆಯ ಹಸೀನಾಬಿ ಬಂದು ನಿಲ್ಲಿಸಿದಳು. ಅವಳು ವಿಜಾಪುರದ ಕಡೆಯವಳು, ಬಟ್ಟೆ ಹೊಲಿಯುತ್ತಾಳೆ, ನಿಮಗೆ ಗೊತ್ತಲ್ಲ.

ಬಸ್ಸು ಹತ್ತುವ ಮೊದಲು ನಾನು ನಿಮ್ಮನ್ನೆಲ್ಲ ಕೂರಿಸಿ ಹೇಳಿದೆ. “ಪಪ್ಪಾಗ ಯಾರೂ ಹೇಳಬ್ಯಾಡ್ರಿ. ಅಂವ ಬಂದ ಮ್ಯಾಲ ನಾನ ಹೇಳ್ತೀನಿ.”

ಹಸೀನಾಬಿ ಬಾಗಿಲಲ್ಲೇ ನಿಂತಿದ್ದಳು. “ಬ್ಯಾಡ ರತ್ನವ್ವ. ಮುಚ್ಚಿಟ್ಟದ್ದು ಮಳಿಗಾಲದಾಗ ವಾಸ್ನಿ ಬಡೀತದ” ಎಂದಳು.

“ಅಂವ ಅಲ್ಲಿ ಒಬ್ಬಾಂವ ಅದಾನ, ಕೈಯಾಗ ಬಂದೂಕ ಐತಿ. ಬರಾಕಂತೂ ಆಗೂದಿಲ್ಲ. ಹೇಳಿ ಏನ್ ಮಾಡೂದು?” ಎಂದೆ. ಎಲ್ಲರೂ ಒಪ್ಪುವ ಮಾತು. ನಿಮ್ಮ ಮಮ್ಮಿಯೂ ಒಪ್ಪಿದಳು. ಆದರೆ ಅದರ ಕೆಳಗೆ ಇನ್ನೊಂದಿತ್ತು. ಅವನು ಆಯಿಗಾಗಿ ಅಳುವುದನ್ನು ನಾನು ನೋಡಲಾರೆ ಎನ್ನಿಸಿತ್ತು. ನನಗಾಗಿ ಅವನು ಎಂದೂ ಹಾಗೆ ಅಳಲಾರ ಎಂದು ನನಗೆ ಗೊತ್ತಿತ್ತು. ನಮ್ಮವ್ವನ ಹೆಣ ಇನ್ನೂ ಎದ್ದಿರಲಿಲ್ಲ, ನಾನು ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ನಾನು ಊರಿನಲ್ಲಿದ್ದಾಗ ಅವನು ಕೇಳಿದ್ದಕ್ಕೆ ಸವಿತಾ, “ಅತ್ತಿ ಊರಿಗೆ ಹೋಗ್ಯಾರ, ಅಲ್ಲಿ ನೆಟ್‌ವರ್ಕ್ ಇಲ್ಲ” ಎಂದಳು. ನಾನು ತಿರುಗಿ ಬಂದ ಮೇಲೂ ಅವನ ಮುಂದೆ ಹೋಗಲಿಲ್ಲ. ಮೊದಲೇ ನನಗೆ ಆ ಫೋನಿನ ಗಾಜಿನಲ್ಲಿ ಮುಖ ತೋರಿಸಲು ನಾಚಿಕೆ. ಈಗ ಸುಳ್ಳಿನ ಮುಖ ಬೇರೆ. ಫೋನು ಬಂದರೆ ಸೀದಾ ಅಡುಗೆಮನೆಗೆ ಹೋಗಿ ಪರದೆಯ ಹಿಂದೆ ನಿಲ್ಲುತ್ತಿದ್ದೆ. ಸವಿತಾ ಒಂದು ದಿನ “ಜಳಕಕ್ಕ ಹೋಗ್ಯಾರ” ಎನ್ನುವಳು, ಇನ್ನೊಂದು ದಿನ “ಮಾರ್ಕೆಟ್ಟಿಗೆ ಹೋಗ್ಯಾರ” ಎನ್ನುವಳು, ಮತ್ತೊಂದು ದಿನ “ಮಲಗ್ಯಾರ” ಎನ್ನುವಳು.

“ಈ ಮಳ್ಯಾಗ ಮಾರ್ಕೆಟ್ಟಿಗೆ?” ಎಂದು ಅವನು ಒಮ್ಮೆ ಕೇಳಿದ. ಸವಿತಾ ಬಾಯಿಗೆ ಬಂದದ್ದನ್ನು ಹೇಳಿದಳು. ಆ ಮೇಲೆ ಪರದೆ ಸರಿಸಿ ನನ್ನನ್ನು ನೋಡಿ, “ನನ್ನ ಕೈಲಿ ಆಗೂದಿಲ್ರಿ ಅತ್ತಿ, ನಾಳಿಂದ ನೀವ ಸುಳ್ಳು ಹೇಳ್ರಿ” ಎಂದು ಅತ್ತಳು.

ಆ ದಿನಗಳಲ್ಲೇ ಸಾವಂತ್ ಫೋನು ಮಾಡಿದ್ದು. ಸಾತಾರೆ ಕಡೆಯ ಮರಾಠಿಯವನು, ನಿಮ್ಮ ಪಪ್ಪನ ಜೊತೆಗೇ ಅಲ್ಲಿದ್ದ. ಪಪ್ಪ ಕಾವಲಿಗೆ ಹೋಗಿದ್ದಾನೆ, ಸಂಜೆ ಮಾಡುತ್ತಾನೆ ಎಂದು ಹೇಳಲು ಮಾಡಿದ್ದ. ಸವಿತಾ ಅವನ ಜೊತೆ ಎರಡು ಮಾತಾಡಿ, ಒಲೆಯ ಮೇಲೆ ಹಾಲು ಉಕ್ಕಿತೆಂದು ಫೋನನ್ನು ತನೂ ನಿನ್ನ ಕೈಗೆ ಕೊಟ್ಟು ಓಡಿದಳು. ಅವನು ಮರಾಠಿಯಲ್ಲಿ, ಎಲ್ಲ ಚೆನ್ನಾಗಿದ್ದೀರಾ ಮಗಾ ಎಂದು ಕೇಳಿದ. ನೀನೂ ಮರಾಠಿಯಲ್ಲೇ ಹೇಳಿದೆ. “ಪಪ್ಪಾಂಚೀ ಆಯೀ ಗೇಲೀ. ಪಪ್ಪಾಂನಾ ಸಾಂಗೂ ನಕಾ.” ಪಪ್ಪಾನ ಆಯಿ ಹೋದಳು, ಪಪ್ಪನಿಗೆ ಹೇಳಬೇಡಿ. ನಾವು ಮನೆಯಲ್ಲಿ ದಿನವೂ ಆಡುವ ಮಾತನ್ನೇ ನೀನು ಮರಾಠಿಗೆ ತಿರುಗಿಸಿದ್ದೆ. ಅದು ಮರಾಠಿಯವನ ಕಿವಿಗೆ ಬಿದ್ದಾಗ ನಾನು ಸತ್ತುಹೋದೆ.

ಪಾಪ, ಸಾವಂತ್ ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡನಂತೆ. ಆಮೇಲೆ ಗೆಳೆಯನ ಮುಂದೆ ಕೂತು ಉಣ್ಣಲಾಗದೆ ಹೇಳಿಬಿಟ್ಟ.

ಇದು ನಮಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆಗ ಕಂಡದ್ದು ಇಷ್ಟೇ. ನಿಮ್ಮ ಪಪ್ಪ ನನ್ನನ್ನು ಕೇಳುವುದನ್ನು ಬಿಟ್ಟ. ಪರದೆಯ ಹಿಂದೆ ನಾನು ಕಿವಿಕೊಟ್ಟು ನಿಲ್ಲುತ್ತಿದ್ದೆ. “ಅವ್ವ ಎಲ್ಲಿ?” ಎಂಬ ಮಾತೇ ಇಲ್ಲ. “ಎಲ್ಲಾರೂ ಹೊತ್ತಿಗ್ ಸರಿ ಊಟ ಮಾಡ್ರಿ. ಸವಿತಾ, ಆಯಿನ್ನ ನೋಡ್ಕೋ. ಭೀಮಪ್ಪ ಮಾಂವಗ ಹೇಳು, ಆಯಿನ್ನ ಒಬ್ಬಾಕಿನ್ನ ಬಿಡಬ್ಯಾಡ ಅಂತ. ಆಕಿಗೆ ಈಗ ಯಾರದಾರ?” ಎನ್ನುತ್ತಿದ್ದ. ಸವಿತಾ ನೆಲ ನೋಡುತ್ತಾ, “ಹೂಂ, ಆರಾಮ ಅದಾರ” ಎನ್ನುತ್ತಿದ್ದಳು. ಆಕಿಗೆ ಈಗ ಯಾರಿದ್ದಾರೆ ಎಂದರೇನೆಂದು ನಾವಿಬ್ಬರೂ ಯೋಚಿಸಲಿಲ್ಲ. ಮಗಳನ್ನು ಕಳೆದುಕೊಂಡ ಮುದುಕಿಯ ಚಿಂತೆ ಅವನಿಗೆ. ನನಗೆ ಮಾತ್ರ, ಇವನಿಗೆ ಹೆತ್ತವಳ ನೆನಪೇ ಇಲ್ಲ ಎಂದು ಕಣ್ಣಲ್ಲಿ ನೀರು. ಸತ್ತವಳ ಕುಶಲ ಕೇಳುತ್ತಾನೆ, ಬದುಕಿದವಳನ್ನು ಕೇಳುವುದಿಲ್ಲ.

ಭೀಮಪ್ಪನಿಗೆ ಫೋನು ಮಾಡಿ ಕೇಳಿದ್ದರೆ ಒಂದೇ ಮಾತಿಗೆ ತಿಳಿಯುತ್ತಿತ್ತು. ಅವನು ಮಾಡಲಿಲ್ಲ. “ಮುಚ್ಚಿಡಾವ್ರನ್ನ ಕೆದಕಿ ಯಾಕ ಸುಳ್ಳು ಆಡಸ್ಲಿ ಅನಸ್ತಬೇ” ಎಂದು ಆಮೇಲೆ ಹೇಳಿದ. ನಾವು ಅವನಿಂದ ಮುಚ್ಚಿಟ್ಟೆವು, ಅವನು ನಮ್ಮಿಂದ ಮುಚ್ಚಿಟ್ಟ. ಎರಡು ಕಡೆಯೂ ಮಳೆ ಸುರಿಯುತ್ತಿತ್ತು.

ಇನ್ನೊಂದು ಕಂಡದ್ದು ಟೋಪಿ. ಯಾವಾಗ ನೋಡಿದರೂ ತಲೆಯ ಮೇಲೆ ಆ ನೀಲಿ ಟೋಪಿ. ಅಥರ್ವ, “ಪಪ್ಪಾ, ಟೋಪಿ ಪೆಹೆನ್‌ಕೇ ಹೀ ಸೋತೇ ಹೋ ಕ್ಯಾ?” ಟೋಪಿ ಹಾಕಿಕೊಂಡೇ ಮಲಗುತ್ತೀಯಾ ಎಂದು ನಗುತ್ತಿದ್ದ. “ಹೂಂ, ಇಲ್ಲಿ ಸೊಳ್ಳಿ ಭಾಳ” ಎನ್ನುತ್ತಿದ್ದ ಅವನು.

ಅಷ್ಟರಲ್ಲಿ ವಿಮಾನ ಬರುವ ಸುದ್ದಿ ಬಂತು. ಮೊದಲ ಬ್ಯಾಚಿನಲ್ಲಿ ಅವನ ಹೆಸರಿತ್ತು. ತನೂ, ನೀನು ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ವಿಮಾನ ಬರೆದೆ. ಅದು ಅಳಿಸಿದಂತೆಲ್ಲ ಮತ್ತೆ ಬರೆದೆ. ಗಣಪತಿಗೆ ಪಪ್ಪ ಮನೆಯಲ್ಲಿ ಎಂದು ಬಿಲ್ಡಿಂಗಿಗೆಲ್ಲ ಹೇಳಿ ಬಂದೆ. ಆಮೇಲೆ ಒಂದು ಸಂಜೆ ಅವನು, “ನನ್ನ ಹೆಸರು ಎರಡನೇ ಬ್ಯಾಚಿಗೆ ಹೋತು” ಎಂದಷ್ಟೇ ಹೇಳಿದ. ನೀನು ಫೋನನ್ನು ಮಂಚದ ಮೇಲೆ ಎಸೆದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೆಸರು ತಾನಾಗಿ ಹೋಗಿರಲಿಲ್ಲ. ಹೆಂಡತಿಗೆ ದಿನ ತುಂಬಿದ್ದ ಒಬ್ಬ ಜೊತೆಗಾರನಿಗೆ ಇವನು ತನ್ನ ಜಾಗ ಬಿಟ್ಟುಕೊಟ್ಟಿದ್ದ. ಅವ್ವ ಹೋಗಿದ್ದಾಳೆ, ಮಣ್ಣು ಆಗಿ ಹೋಗಿದೆ, ತಾನು ಎರಡು ವಾರ ಮೊದಲು ಹೋಗಿ ಯಾರ ಮುಖ ನೋಡಬೇಕು ಎಂದುಕೊಂಡನಂತೆ. ಆ ಜೊತೆಗಾರ ಹೋಗಿ ಮಗುವನ್ನು ಎತ್ತಿಕೊಂಡ, ಒಳ್ಳೆಯದಾಯಿತು. ಆದರೆ ಎರಡು ವಾರ ಎಂದದ್ದು ಬೆಳೆಯಿತು. ಮತ್ತೆ ಅಲ್ಲಿ ಮಳೆ ಹಿಡಿಯಿತು, ವಿಮಾನ ನಿಂತಿತು. ಗಣಪತಿ ಬಂದು ಹೋಯಿತು. ನೀವಿಬ್ಬರೂ ಕಾಯ್ದ ಆ ದಿನಗಳೆಲ್ಲ ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕಾದವು.

ಗಣಪತಿ ಕಳೆದ ಮೇಲಿನ ಒಂದು ಭಾನುವಾರ ಮಧ್ಯಾಹ್ನ. ಮನೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಬಳಿ ಮಾತ್ರ, ಅಲ್ಲೇ ಫೋನನ್ನು ಅವಲಕ್ಕಿ ಡಬ್ಬಿಗೆ ಆನಿಸಿ ಇಟ್ಟಿದ್ದರು. ಪಪ್ಪ ಅದರಲ್ಲಿದ್ದ. ಸವಿತಾ ತನೂ ನಿನ್ನ ತಲೆ ಬಾಚುತ್ತಿದ್ದಳು. ಗಾಳಿ ತಿರುಗಿ ಮಳೆ ಸೀದಾ ಒಳಗೆ ಹೊಡೆಯಿತು. ಸವಿತಾಳ ಎರಡೂ ಕೈ ನಿನ್ನ ಜಡೆಯಲ್ಲಿ. “ಫೋನ್, ಫೋನ್” ಎಂದು ಕಿರುಚಿದಳು. ತೊಯ್ದು ಕೆಟ್ಟೀತೆಂಬ ಹೆದರಿಕೆಯಲ್ಲಿ ನಾನು ಎಲ್ಲ ಮರೆತು ಪರದೆ ಸರಿಸಿ ಓಡಿ, ಫೋನನ್ನು ಎರಡೂ ಕೈಯಲ್ಲಿ ಎತ್ತಿ ಸೆರಗಿನಿಂದ ಒರೆಸಿದೆ. ಒರೆಸಿ ನೋಡಿದರೆ ಅವನ ಮುಖ ನನ್ನ ಮುಖದ ಎದುರಿಗೇ ಇತ್ತು.

ಅವನ ಬಾಯಿ ತೆರೆದೇ ಇತ್ತು.

“ಯವ್ವಾ?”

ನಾನು ಫೋನನ್ನು ಎರಡೂ ಕೈಯಲ್ಲಿ ಹಾಗೇ ಹಿಡಿದಿದ್ದೆ.

“ನೀ ಅದಿಯೇನಬೇ?”

“ಅದೀನೋ ಯಪ್ಪಾ. ಎಲ್ಲಿಗ್ ಹೋಗ್ಲಿ?”

ಅವನ ಕೈ ತಾನಾಗಿ ತಲೆಗೆ ಹೋಯಿತು, ಟೋಪಿ ಬಿತ್ತು. ನುಣ್ಣಗೆ ಬೋಳಿಸಿದ ತಲೆ. ಚಿಗುರಿದ ಕೂದಲು ಇನ್ನೂ ಕಾಣುತ್ತಿರಲಿಲ್ಲ, ಮತ್ತೆ ಮತ್ತೆ ಬೋಳಿಸಿಕೊಂಡಿದ್ದನೋ ಏನೋ. ಬಲಗಿವಿಯ ಹಿಂದೆ ಆ ಕಲೆ. ನಮ್ಮಲ್ಲಿ ಮಗ ಯಾವಾಗ ತಲೆ ಬೋಳಿಸುತ್ತಾನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

“ಸಾವಂತ್ ಹೇಳಿದ... ಪಪ್ಪಾಂಚೀ ಆಯೀ ಗೇಲೀ ಅಂತ ತನೂ ಅಂದ್ಲಂತ” ಎಂದ ಅವನು. ತನೂ, ನೀನು ಅರ್ಧ ಜಡೆಯಲ್ಲಿ ಎದ್ದು ಬಂದು, “ಮೈನೇ ಪಪ್ಪಾನ ಆಯಿ ಬೋಲಾ ಥಾ! ಅಜ್ಜಿ ನಹೀ ಬೋಲಾ!” ನಾನು ಹೇಳಿದ್ದು ಪಪ್ಪಾನ ಆಯಿ, ಈ ಅಜ್ಜಿ ಅಲ್ಲ ಎಂದು ಕೂಗಿದೆ. ಒಂದೇ ಗಳಿಗೆಯಲ್ಲಿ ಸಾವಂತನಿಗಾದ ತಪ್ಪು ಎಲ್ಲರಿಗೂ ಅರ್ಥವಾಯಿತು. ನಿಮ್ಮ ಪಪ್ಪ ನಗಲು ಶುರುಮಾಡಿದ. ಅಳುತ್ತಾ ನಕ್ಕ. “ಏ ಸಾವಂತ್, ಇಕಡೇ ಯೇ ರೇ ಗಾಢವಾ! ಮಾಝೀ ಆಯೀ ಜೀವಂತ ಆಹೇ!” ಬಾರೋ ಕತ್ತೆ, ನನ್ನ ತಾಯಿ ಬದುಕಿದ್ದಾಳೆ ಎಂದು ಕೂಗಿ, ಆ ಗೆಳೆಯನನ್ನು ಎಳೆದು ತಂದು ನನ್ನನ್ನು ತೋರಿಸಿದ. ಸಾವಂತ್ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಅಥರ್ವ ನಕ್ಕ, ಸವಿತಾ ನಕ್ಕಳು. ಗದ್ದಲ ಕೇಳಿ ಬಂದ ಹಸೀನಾಬಿ ನಕ್ಕು, “ಸತ್ತ ಸುದ್ದಿ ಬಂದ್ರ ಆಯುಷ್ಯ ದುಪ್ಪಟ್ಟು ಆಗ್ತದ. ಇನ್ನ ಈ ಮುದಕಿನ್ನ ಯಾರೂ ಕದಲಸೂದಿಲ್ಲ” ಎಂದಳು.

ಆ ನಗುವಿನ ನಡುವೆ ನಾನು ಅವನ ತಲೆಯನ್ನೇ ನೋಡುತ್ತಿದ್ದೆ. ನನಗಾಗಿ. ಅಷ್ಟು ದೂರದಲ್ಲಿ, ಅಷ್ಟು ದಿನ, ನನಗಾಗಿ. ನನ್ನ ಎದೆ ತುಂಬಿ ಬಂತು. ಮಕ್ಕಳೇ, ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ. ಆಯಿಯ ಸುದ್ದಿ ಅವನಿಗೆ ಇನ್ನೂ ಹೊಳೆದಿಲ್ಲ ಎಂದು ನನಗೆ ಗೊತ್ತಿತ್ತು. ಆಗಲೇ ಹೇಳಬಹುದಿತ್ತು. ನಾನು ಹೇಳಲಿಲ್ಲ. ಇನ್ನೊಂಚೂರು ನಗಲಿ, ಇನ್ನೊಂಚೂರು ಈ ತಲೆ ನನ್ನದೇ ಇರಲಿ ಎಂದು ಸುಮ್ಮನೆ ನಿಂತೆ. ಹಡೆದವ್ವನನ್ನು ಕಳೆದುಕೊಂಡ ವರ್ಷದಲ್ಲಿ, ಅವಳ ಸಾವಿನಿಂದಲೇ ಬಂದ ಆ ಸಂತೋಷವನ್ನು ನಾನು ಬಾಚಿ ತಿಂದೆ.

ಅವನ ನಗು ಮೆಲ್ಲಗೆ ನಿಂತಿತು. ಮುಖ ಬೇರೆಯಾಯಿತು.

“ಹಂಗಾದ್ರ,” ಎಂದ, “ಹೋದಾವ್ರು ಯಾರಬೇ?”

ಸವಿತಾ ನನ್ನನ್ನು ನೋಡಿದಳು. ನಾನೇ ಹೇಳುತ್ತೇನೆ ಎಂದು ಮಳೆ ಶುರುವಾದಾಗಿನಿಂದ ಎಲ್ಲರ ಬಾಯಿ ಮುಚ್ಚಿಸಿದವಳು ನಾನೇ.

“ಆಯಿ” ಎಂದೆ.

ಅವನು ಅಳಲಿಲ್ಲ. ಕೈಯನ್ನು ತಲೆಯ ಮೇಲಿಟ್ಟು ಹಿಂದಕ್ಕೆ ಮುಂದಕ್ಕೆ ಸವರಿಕೊಂಡ, ಏನನ್ನೋ ಹುಡುಕುವವನ ಹಾಗೆ. “ಆಯಿಗಿ ಕೊಡಾಕ ತಲ್ಯಾಗ ಒಂದ ಕೂದಲಾನೂ ಉಳದಿಲ್ಲಲ್ಲಬೇ ಯವ್ವಾ” ಎಂದ. ಅಷ್ಟಕ್ಕೆ ನೆಟ್‌ವರ್ಕ್ ಹೋಯಿತು.

ಮರುದಿನ ಫೋನು ಬಂದಾಗ ನಾನೇ ಹಿಡಿದು ಕೂತೆ. ಮೊದಲ ಸಲ. ಅವನು ಒಂದೊಂದೇ ಕೇಳಿದ, ನಾನು ಒಂದೊಂದೇ ಹೇಳಿದೆ. ಬಾಯಿಗೆ ನೀರು ಯಾರು ಬಿಟ್ಟರು, ಯಾವ ಸೀರೆ ಉಡಿಸಿದರು, ಹೊತ್ತವರು ಯಾರು. ಗುರೆಳ್ಳು ಹಿಂಡಿಯ ಮಾತು ಹೇಳಿದಾಗ ಮಾತ್ರ, “ಸಾಕಬೇ” ಎಂದ. ಯಾಕೆ ಮುಚ್ಚಿಟ್ಟೆ ಎಂದು ಕೇಳಲಿಲ್ಲ. ಈವರೆಗೂ ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಆ ಗದ್ದಲದಲ್ಲಿ ತನೂ, ನಿನ್ನನ್ನು ನಾವು ನೋಡಲಿಲ್ಲ. ನೀನು ಮಂಚದ ಕೆಳಗೆ ಹೋಗಿ ಕೂತಿದ್ದೆ. ಪಪ್ಪನ ಕೂದಲು ಹೋದದ್ದು, ಪಪ್ಪ ಮೊದಲ ವಿಮಾನ ಬಿಟ್ಟದ್ದು ಎಲ್ಲ ನಿನ್ನಿಂದ ಎಂದು ನೀನು ತಿಳಿದುಕೊಂಡೆ. ಬಿಲ್ಡಿಂಗಿನ ಹುಡುಗರು ನಿನ್ನನ್ನು “ಆಯೀ ಗೇಲೀ, ಆಯೀ ಗೇಲೀ” ಎಂದು ಅಣಕಿಸಿದರು. ನಾವು ನಿನಗೆ ಚಾಕಲೇಟು ಕೊಟ್ಟೆವು. ಹೇಳಬೇಕಾದ ಮಾತನ್ನು ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಸುಳ್ಳಾಡದೆ ಇದ್ದವಳು ನೀನೊಬ್ಬಳೇ. ಸುಳ್ಳಿನ ಬೀಜ ಬಿತ್ತಿದವಳು ನಾನು. ನಿನ್ನ ಅಪ್ಪನ ಮುಂದೆ ಒಂದು ದಿನ ಮುಖ ತೋರಿಸಿದ್ದರೆ ಸಾವಂತನ ಮಾತನ್ನು ಅವನು ನಂಬುತ್ತಲೇ ಇರಲಿಲ್ಲ.

ಅವನು ಬಂದದ್ದು ನವರಾತ್ರಿಯ ಹೊತ್ತಿಗೆ. ದೆಹಲಿಯಿಂದ ಬಂದ ರೈಲು ದಾದರಿನಲ್ಲಿ ನಿಂತಾಗ ನೀವಿಬ್ಬರೂ ಅವನ ಮೈಮೇಲೆ ಬಿದ್ದಿರಿ. ಅವನು ನಿಮ್ಮನ್ನು ಇಳಿಸಿ ನನ್ನ ಕಾಲು ಮುಟ್ಟಿದ. ಎದ್ದವನು ನನ್ನ ಮುಂಗೈ ಹಿಡಿದುಕೊಂಡ. ಆ ಜನಜಂಗುಳಿಯಲ್ಲಿ ಸೇತುವೆ ಹತ್ತಿ ಇಳಿಯುವವರೆಗೂ ಬಿಡಲಿಲ್ಲ. ಅಷ್ಟು ದೊಡ್ಡ ಗಂಡಸು ಹಾಗೆ ಹಿಡಿದುಕೊಂಡು ನಡೆದರೆ ಜನ ನೋಡುತ್ತಾರೆಂದು ನನಗೆ ನಾಚಿಕೆ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ರಜೆಯಲ್ಲಿ ಅವನು ಕೂದಲು ಕತ್ತರಿಸಲಿಲ್ಲ, ಗಡ್ಡ ತೆಗೆಯಲಿಲ್ಲ. “ಫೌಜಿ ಗಯಾ ಥಾ, ಸಾಧು ಬನ್‌ಕೇ ಆಯಾ” ಸೈನಿಕನಾಗಿ ಹೋದವನು ಸಾಧುವಾಗಿ ಬಂದ ಎಂದು ಹಸೀನಾಬಿ ನಕ್ಕಳು. ಕೆಳಗಿನ ಸಲೂನಿನವನು ದಿನವೂ ಕತ್ತರಿ ತೋರಿಸಿ ಕರೆದ. ಅವನು ನಕ್ಕು ಮುಂದೆ ಹೋಗುತ್ತಿದ್ದ. ಯಾಕೆಂದು ನನಗೆ ಗೊತ್ತಿತ್ತು, ನಾನು ಕೇಳಲಿಲ್ಲ. ರಜೆ ಮುಗಿಯುತ್ತಾ ಬಂದಾಗ ಒಂದು ದಿನ, “ಯವ್ವಾ, ಊರಿಗ್ ಹೋಗೂನು ನಡಿ. ನಾವಿಬ್ಬರ” ಎಂದ. ನಿಮಗೆ ಶಾಲೆಯಿತ್ತು. ಮುಂದಿನದನ್ನು ನೀವು ನೋಡಿಲ್ಲ, ನಾನು ಯಾರಿಗೂ ಹೇಳಿಲ್ಲ.

ಭೀಮಪ್ಪ ಬೇಡವೆಂದ. “ತಾಯಿಯ ತಾಯಿಗೆ ಮೊಮ್ಮಗ ತಲಿ ಕೊಡೂ ಪದ್ಧತಿ ನಮ್ಮಲ್ಲಿಲ್ಲೋ. ಆ ಕಾರ್ಯ ನಾ ಮಾಡೀನಿ, ಮುಗದೈತಿ.”

“ಮಾಂವ, ನಿಂದು ಮುಗದೈತಿ” ಎಂದ ಇವನು.

ಘಟಪ್ರಭೆಯ ದಂಡೆಗೆ ಹೋದೆವು. ಊರ ಕ್ಷೌರದವನು ನಿಂಗಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಬಂದವನು ಬೇರೆ ಊರಿನ ಹರೆಯದವನು, ನಮ್ಮನ್ನು ಅರಿಯದವನು. ಕಲ್ಲಿನ ಮೇಲೆ ನಿಮ್ಮ ಪಪ್ಪನನ್ನು ಕೂರಿಸಿ, ನೀರು ಹಚ್ಚಿ ತಲೆ ತಿಕ್ಕುತ್ತಾ ಸುಮ್ಮನೆ ಮಾತಿಗೆಂದು ಕೇಳಿದ.

“ಯಾರ್ ತೀರ್ಕೊಂಡಾರ್ರೀ?”

“ನಮ್ಮವ್ವ” ಎಂದ ನಿಮ್ಮ ಪಪ್ಪ.

ನಾನು ಟವೆಲ್ಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಹೊಳೆಯ ನೀರು ಆ ವರ್ಷ ತುಂಬಿ ಹರಿಯುತ್ತಿತ್ತು. ಅವನು ಹೇಳಿದ್ದು ಸರಿಯಾಗಿತ್ತು. ನಾನು ತಲೆ ತಗ್ಗಿಸಿದೆ.

ಕ್ಷೌರದವನು ಕತ್ತಿ ಮಸೆಯುತ್ತಾ ನನ್ನ ಕಡೆ ನೋಡಿದ. “ಮತ್ತ ಇವ್ರು?”

“ಇಕಿನೂ ನಮ್ಮವ್ವನ. ಇಕಿಗೆ ಮೊದ್ಲ ಕೊಟ್ಟೀನಿ.”

ಅವನ ಕತ್ತಿ ಗಾಳಿಯಲ್ಲೇ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದ, ನನ್ನ ಕಾಲು ನೆಲಕ್ಕೆ ತಾಗಿವೆಯೋ ಇಲ್ಲವೋ ಎಂದು ನೋಡಿದ. ನಿಮ್ಮ ಪಪ್ಪನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಬಗ್ಗಿದ ತಲೆಯಿಂದ ನನಗೆ ತಿಳಿಯಲಿಲ್ಲ. “ಹೂಂ, ಹಚ್ಚು” ಎಂದ. ಕೂದಲು ಕಲ್ಲಿನ ಮೇಲೆ ಬಿದ್ದಿತು. ಕಿವಿಯ ಹಿಂದೆ ಆ ಕಲೆ ಮತ್ತೆ ಕಂಡಿತು. ನಾನು ಟವೆಲ್ಲನ್ನು ನೀರಿನಲ್ಲಿ ಅದ್ದಿ ಅದನ್ನು ಮೆಲ್ಲಗೆ ಒರೆಸಿದೆ. ಈ ಸಲ ಅದು ಹೇಗಾಯಿತೆಂದು ಕೇಳಿದೆ. ಅವನು ಹೇಳಿದ.

ತನೂ, ಅದನ್ನು ನೀನು ಪಪ್ಪನ ಬಾಯಿಂದಲೇ ಕೇಳು. ಆಮೇಲೆ ನಿನ್ನ ಪ್ರಬಂಧ ಬರೆ. ಯಾವ ಆಯಿಯ ಬಗ್ಗೆಯಾದರೂ ಬರೆ.